ಶಾಂಪೂವೂ ಕೂದಲುದುರುವಿಕೆಯೂ

ಕಲಬುರಗಿಯ ಖೂಬಾ ಪ್ಲಾಟಿನ ವಿದ್ಯಾರ್ಥಿಯೊಬ್ಬನು ತಲೆ ತೊಳೆದಾಗ 80 ಕೂದಲು ಉದುರಿದವೆನ್ನೋಣ. ದೋಷವು ಶಾಂಪೂವಿನದೆ? ಮೊದಲು ಲೆಕ್ಕ ಮಾಡೋಣ.

ಮನುಷ್ಯನ ತಲೆಯಲ್ಲಿ ಸುಮಾರು 1,00,000 ಕೂದಲುಗಳುಂಟು. ಒಂದೊಂದೂ ಕೆಲವು ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ ಉದುರುವುದು. ಸರಾಸರಿ ಆಯುಸ್ಸು 1,000 ದಿನಗಳಾದರೆ ದಿನಕ್ಕೆ 100, 2,000 ದಿನಗಳಾದರೆ 50 ಉದುರಲೇಬೇಕು. ಎರಡು ದಿನ ತೊಳೆಯದಿದ್ದರೆ, ಸಡಿಲಗೊಂಡವೆಲ್ಲ ಸ್ನಾನದ ದಿನ ಒಟ್ಟಿಗೆ ಬರುವುವು.

ಶಾಂಪೂವಿನಲ್ಲಿರುವ ಸೋಡಿಯಮ್ ಲಾರಿಲ್ ಸಲ್ಫೇಟಿನಂಥ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ಜಿಡ್ಡನ್ನೂ ಹಿಡಿಯುವುದು; ಹೀಗೆ ಜಿಡ್ಡು ತೊಳೆದುಹೋಗುವುದು. ಕೂದಲು ಹುಟ್ಟುವ ಬುಡವಾದರೋ ಚರ್ಮದೊಳಗೆ ಕೆಲವು ಮಿಲಿಮೀಟರು ಆಳದಲ್ಲಿದೆ; ಕ್ಷಣಕಾಲದ ನೊರೆ ಅದರ ಬೆಳವಣಿಗೆಯನ್ನು ನಿಲ್ಲಿಸದು. ನೆತ್ತಿ ಉರಿದು ಕೆಂಪಾದರೆ ಮಾತ್ರ ಆ ಶಾಂಪೂವನ್ನು ಬಿಡಬೇಕು.

ನೀರಿನ ಗುಣವನ್ನೂ ಗಮನಿಸಬೇಕು. ನಮ್ಮ ಸೀಮೆಯ ಶಹಾಬಾದ್ ಕಲ್ಲು ಸುಣ್ಣಕಲ್ಲಷ್ಟೆ. ಅಂಥ ನೆಲದ ಗಡಸು ನೀರಿನಲ್ಲಿ ಸಾಬೂನು ಕರಗದ ಗಸಿಯಾಗಿ ಕೂದಲಿಗಂಟಿ ಅದನ್ನು ಒರಟಾಗಿಸುವುದು; ಒರಟು ಕೂದಲು ಬಾಚುವಾಗ ಮುರಿಯುವುದು. ಮುರಿದುದರ ತುದಿಯಲ್ಲಿ ಗಂಟಿರದು; ತಾನಾಗಿ ಉದುರಿದುದಕ್ಕೆ ಸಣ್ಣ ಬಿಳಿಯ ಗಂಟಿರುವುದು. ಬೆಳಕಿಗೆ ಹಿಡಿದು ನೋಡಿರಿ.

ಗಂಟುಳ್ಳ ಕೂದಲು ವಾರಗಟ್ಟಲೆ ಹಿಡಿಹಿಡಿಯಾಗಿ ಬರುತ್ತಿದ್ದರೆ, ಸೀಸೆ ಬದಲಿಸುತ್ತ ಕಾಲ ಕಳೆಯಬಾರದು. ಎರಡು ಮೂರು ತಿಂಗಳ ಹಿಂದಿನ ತೀವ್ರ ಜ್ವರವೋ ಆಹಾರದ ಕೊರತೆಯೋ ಕಾರಣವಾಗಿರಬಹುದು; ವೈದ್ಯರನ್ನು ಕಾಣುವುದೇ ಲೇಸು.