ಯಾರ ಕೆಲಸ? ಎಷ್ಟು ಹೊತ್ತು? ಯಾವ ಟೂಲ್? – ಸೇನೆಯ ಮೇಂಟೆನೆನ್ಸ್ ಕಲಿಸುವ 7 ಯಶಸ್ಸಿನ ಸೂತ್ರಗಳು

ಅಮೆರಿಕ ಸೇನೆಯ ಹಮ್ವೀ ವಾಹನದಲ್ಲಿ ಯಾವ ಭಾಗವನ್ನು ಯಾರು ಮುಟ್ಟಬೇಕು ಎಂಬುದು ವಾಹನ ಕೆಡುವ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನವಿರುವ ಪಟ್ಟಿಯ ಹೆಸರು ಮೇಂಟೆನೆನ್ಸ್ ಅಲೊಕೇಶನ್ ಚಾರ್ಟ್. ಚಿಕ್ಕದಾಗಿ ಮ್ಯಾಕ್. ನೀವು ಐಟಿಐ ವಿದ್ಯಾರ್ಥಿಯಾಗಿರಿ, ಟೀಮ್ ಲೀಡ್ ಆಗಿರಿ, ಈ ಪಟ್ಟಿಯ ಒಳಗುಟ್ಟು ತಿಳಿದವರು ಕೆಲಸದಲ್ಲಿ ಎಡವುವುದು ಕಡಿಮೆ.

1. ಕೆಲಸವನ್ನು ಕ್ರಿಯೆಯಾಗಿ ಬರೆಯಿರಿ.
“ಬ್ರೇಕ್ ನೋಡಿಕೊಳ್ಳಿ” ಎಂದು ಮ್ಯಾಕ್ ಎಂದೂ ಹೇಳುವುದಿಲ್ಲ. ಇನ್‌ಸ್ಪೆಕ್ಟ್, ಟೆಸ್ಟ್, ಸರ್ವಿಸ್, ಅಡ್ಜಸ್ಟ್, ರಿಪ್ಲೇಸ್, ರಿಪೇರ್, ಓವರ್‌ಹಾಲ್ ಎಂದು ಬಿಡಿಸಿ ಹೇಳುತ್ತದೆ. ಪ್ರತಿಯೊಂದಕ್ಕೂ ಲಿಖಿತ ಅರ್ಥವಿದೆ. ಒಂದೇ ಭಾಗದ ತಪಾಸಣೆ ಒಬ್ಬರ ಪಾಲು, ಬದಲಾವಣೆ ಇನ್ನೊಬ್ಬರ ಪಾಲು ಆಗಬಹುದು. ನಿಮ್ಮ ಜಾಬ್ ಡಿಸ್ಕ್ರಿಪ್ಶನ್ ತೆರೆಯಿರಿ. “ಹ್ಯಾಂಡಲ್ ಮಾಡುವುದು” ಎಂದಿರುವಲ್ಲೆಲ್ಲ ಗೆರೆ ಎಳೆಯಿರಿ. ನಿಜವಾಗಿ ಏನು ಮಾಡುತ್ತೀರೋ ಅದನ್ನೇ ಬರೆಯಿರಿ.

2. ಕೆಲಸಕ್ಕೆ ಅತಿ ಹತ್ತಿರ ಇರುವವರಿಗೇ ಕೆಲಸ ಕೊಡಿ.
ಹಿಂದೆ ಅಮೆರಿಕ ಸೇನೆಯಲ್ಲಿ ಮೇಂಟೆನೆನ್ಸ್‌ಗೆ ನಾಲ್ಕು ಹಂತಗಳಿದ್ದವು. ಈಗ ಎರಡೇ: ಫೀಲ್ಡ್ ಮತ್ತು ಸಸ್ಟೇನ್‌ಮೆಂಟ್. ಫೀಲ್ಡ್‌ನಲ್ಲಿ ಚಾಲಕ ಹಾಗೂ ಘಟಕದ ಮೆಕ್ಯಾನಿಕ್ ಕೆಟ್ಟ ಭಾಗವನ್ನು ಬಿಚ್ಚಿ ಬೇರೆಯದನ್ನು ಕೂರಿಸುತ್ತಾರೆ, ವಾಹನ ಮತ್ತೆ ಓಡುತ್ತದೆ. ಆಳವಾದ ರಿಪೇರಿ, ಓವರ್‌ಹಾಲ್ ಹಿಂಬದಿಯ ಡಿಪೋಗೆ ಹೋಗುತ್ತದೆ. ಕಾರಣ ಸರಳ: ರಣರಂಗದಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಹರಡಿಕೊಂಡು ಕೂರಲು ಪುರುಸೊತ್ತಿಲ್ಲ. ನಮ್ಮ ಸೇನೆಯಲ್ಲೂ ಹಂಚಿಕೆಯಿದೆ. 1943ರ ಅಕ್ಟೋಬರ್ 15ರಂದು ಹುಟ್ಟಿದ ಇಎಂಇ (ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ಕೋರ್‌ನ ವರ್ಕ್‌ಶಾಪ್‌ಗಳು ಪಡೆಗಳ ಬೆನ್ನಿಗೇ ಇರುತ್ತವೆ, ದೊಡ್ಡ ಕೆಲಸ ಬೇಸ್ ವರ್ಕ್‌ಶಾಪ್‌ಗಳದ್ದು. ಅಂಥ ಒಂದು, 515 ಆರ್ಮಿ ಬೇಸ್ ವರ್ಕ್‌ಶಾಪ್, ಬೆಂಗಳೂರಿನ ಹಲಸೂರಿನಲ್ಲೇ ಇದೆ. ಹತ್ತು ನಿಮಿಷದಲ್ಲಿ ನಿಮ್ಮ ಮೇಜಿನ ಮೇಲೇ ಮುಗಿಯುವುದನ್ನು ಬಾಸ್‌ಗೆ ಫಾರ್ವರ್ಡ್ ಮಾಡಬೇಡಿ.

3. ಗಂಟೆ ಬರೆಯದ ಜವಾಬ್ದಾರಿಯನ್ನು ಒಪ್ಪಬೇಡಿ.
ಮ್ಯಾಕ್‌ನಲ್ಲಿ ಹಂತದ ಕೆಳಗೆ ಒಂದು ಸಂಖ್ಯೆ ಇರುತ್ತದೆ. 0.5 ಎಂದರೆ ಆ ಹಂತದಲ್ಲಿ ಅರ್ಧ ಗಂಟೆಯ ಶ್ರಮ. ಈ ಲೆಕ್ಕದಲ್ಲಿ ಬರೀ ಸ್ಪ್ಯಾನರ್ ತಿರುಗಿಸುವ ಹೊತ್ತು ಮಾತ್ರ ಇಲ್ಲ. ತಯಾರಿ, ದೋಷ ಹುಡುಕುವುದು, ಕೊನೆಯ ಗುಣಮಟ್ಟದ ಪರೀಕ್ಷೆ ಎಲ್ಲ ಸೇರಿವೆ. ನಮ್ಮ ಹೆಚ್ಚಿನ ಡೆಡ್‌ಲೈನ್‌ಗಳು ಬಿದ್ದುಹೋಗುವುದು ಇಲ್ಲೇ: ಕೋಡ್ ಬರೆಯುವ ಹೊತ್ತು ಎಣಿಸುತ್ತೇವೆ, ಟೆಸ್ಟ್ ಮಾಡುವ ಹೊತ್ತು ಮರೆಯುತ್ತೇವೆ. ಪಕ್ಕದ ಕಾಲಮ್‌ನಲ್ಲಿ ಬೇಕಾದ ಟೂಲ್‌ಗಳ ಸೂಚನೆಯೂ ಇರುತ್ತದೆ. ನೀವೂ ಕೇಳಿ. ಟೂಲ್, ಲಾಗಿನ್, ಅನುಮತಿ ಸಿಗದೆ ತಾರೀಕು ಒಪ್ಪಬೇಡಿ.

4. ದೋಷವನ್ನು ಕಣ್ಣಿಗೆ ಕಾಣುವಂತೆ ಅಳೆಯಿರಿ.
“ಸ್ವಲ್ಪ ಆಯಿಲ್ ಸೋರುತ್ತಿದೆ” ಎಂಬ ಮಾತು ಅಮೆರಿಕ ಸೇನೆಯಲ್ಲಿ ನಡೆಯುವುದಿಲ್ಲ. ಸೋರಿಕೆಗೆ ಮೂರು ದರ್ಜೆ. ತೇವ ಕಾಣುತ್ತದೆ, ಹನಿ ಕಟ್ಟಿಲ್ಲ: 1. ಹನಿ ಕಟ್ಟಿದೆ, ಆದರೆ ಬೀಳುತ್ತಿಲ್ಲ: 2. ಹನಿ ಬೀಳುತ್ತಿದೆ: 3. ಆಯಿಲ್ ಸೋರಿಕೆ ಮೂರನೆಯ ದರ್ಜೆಗೆ ಬಂತೆಂದರೆ ಮೇಲಿನವರಿಗೆ ತಿಳಿಸಲೇಬೇಕು. ನಿನ್ನೆ ಸೇರಿದ ಹುಡುಗನೂ, ಇಪ್ಪತ್ತು ವರ್ಷ ದುಡಿದ ಸಾರ್ಜೆಂಟನೂ ಒಂದೇ ಉತ್ತರ ಕೊಡಬೇಕು. ಎಷ್ಟು ಸೊಗಸಾದ ಅಳತೆ! ಇದಕ್ಕೆ ಯಂತ್ರವೂ ಬೇಡ, ಕಣ್ಣು ಸಾಕು. “ಪ್ರಾಜೆಕ್ಟ್ ಬಹುತೇಕ ಆಗಿದೆ” ಎನ್ನುವುದನ್ನು ಇಂದೇ ನಿಲ್ಲಿಸಿ. ಎಷ್ಟು ಮುಗಿದಿದೆ, ಯಾವುದು ಬಾಕಿ, ಹೇಳಿ.

5. ರಿಸ್ಕ್‌ಗೆ ಸಹಿ ಯಾರದ್ದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.
ತಪಾಸಣೆಯ ಫಾರ್ಮ್‌ನಲ್ಲಿ ಚಿಹ್ನೆಗಳಿವೆ. ಎಕ್ಸ್ ಬಿದ್ದರೆ ವಾಹನ ಹೊರಡುವಂತಿಲ್ಲ. ಓರೆ ಗೆರೆ ಎಂದರೆ ದೋಷವಿದೆ, ಸರಿಪಡಿಸಬೇಕು, ಆದರೆ ವಾಹನ ನಿಲ್ಲಿಸುವಷ್ಟು ದೊಡ್ಡದಲ್ಲ. ವೃತ್ತದೊಳಗಿನ ಎಕ್ಸ್ ಬಲು ಮುಖ್ಯ: ದೋಷ ಗಂಭೀರ, ಆದರೂ ಮಿತಿಯೊಳಗೆ ಓಡಿಸಲು ಅಪ್ಪಣೆಯಾಗಿದೆ. ಆ ಅಪ್ಪಣೆ ಕೊಡುವವರು ಕಮಾಂಡರ್, ಇಲ್ಲವೇ ಅವರು ನೇಮಿಸಿದವರು. ಚಾಲಕ ಧೈರ್ಯ ಮಾಡಿ ಹೊರಡುವಂತಿಲ್ಲ, ಮೆಕ್ಯಾನಿಕ್ ಕಣ್ಣುಮುಚ್ಚಿ ಬಿಡುವಂತಿಲ್ಲ. ಇದರಿಂದ ಕೆಳಗಿನವರಿಗೆ ರಕ್ಷಣೆ ಸಿಗುತ್ತದೆ. ಮುಂದಿನ ಸಲ “ಹೀಗೇ ಕಳಿಸಿಬಿಡಿ, ಏನೂ ಆಗಲ್ಲ” ಎಂದು ಯಾರಾದರೂ ಒತ್ತಿದರೆ ಹಿಂಜರಿಯಬೇಡಿ. “ಸರ್, ಒಂದು ಮೇಲ್ ಹಾಕಿ” ಎನ್ನಿ. ಹೀಗೆ ಕೇಳುವುದು ಉದ್ಧಟತನವಲ್ಲ, ವೃತ್ತಿಧರ್ಮ.

6. ಮೂರು ಹೊತ್ತು ನೋಡಿ: ಮೊದಲು, ನಡುವೆ, ನಂತರ.
ಚಾಲಕರ ನಿತ್ಯದ ತಪಾಸಣೆಗೆ ಪಿಎಂಸಿಎಸ್ ಎನ್ನುತ್ತಾರೆ. ಹೊರಡುವ ಮೊದಲು, ಓಡಿಸುವಾಗ, ನಿಲ್ಲಿಸಿದ ಮೇಲೆ. ಮೂರನೆಯದನ್ನು ತಪ್ಪಿಸಬೇಡಿ, ಏಕೆಂದರೆ ದಣಿದವರು ಬಿಟ್ಟುಬಿಡುವುದು ಅದನ್ನೇ. ನೀವು ವಿದ್ಯಾರ್ಥಿಯಾದರೆ, ಪರೀಕ್ಷೆ ಬರೆದ ಸಂಜೆಯೇ ತಪ್ಪುಗಳನ್ನು ಗುರುತು ಹಾಕಿಕೊಳ್ಳಿ.

7. ನಿಮ್ಮ ಮೇಲಿನ ಹಂತದ ಪುಸ್ತಕ ಓದಿ.
ಹಮ್ವೀ ಚಾಲಕರ ಮ್ಯಾನುಯಲ್‌ನ ಸಂಖ್ಯೆ ಟಿಎಂ 9-2320-280-10. ಕೊನೆಯ 10 ಎಂದರೆ ಚಾಲಕರ ಹಂತ. ಹಳೆಯ ಕ್ರಮದಲ್ಲಿ 20 ಘಟಕದ ಮೆಕ್ಯಾನಿಕ್‌ಗಳದ್ದು, 30 ಅದಕ್ಕೂ ಮೇಲಿನದು. 10ನ್ನು ಕರಗತ ಮಾಡಿಕೊಳ್ಳಿ, 20ನ್ನು ಓದಲು ಶುರುಮಾಡಿ. ಆದರೆ ಅಧಿಕಾರ ಬರುವ ತನಕ 20ರ ಕೆಲಸಕ್ಕೆ ಕೈ ಹಾಕಬೇಡಿ. “ನನಗೆ ಅದು ಅರ್ಥವಾಗುತ್ತದೋ ಇಲ್ಲವೋ” ಎಂಬ ಅನುಮಾನ ಬರೀ ಅಭ್ಯಾಸ, ಮೊದಲ ಇಪ್ಪತ್ತು ಪುಟ ದಾಟಿದರೆ ಬಿಡುತ್ತದೆ. ನಿಮ್ಮ ಸೀನಿಯರ್ ಯಾವ ಕೈಪಿಡಿ, ಯಾವ ಡಾಕ್ಯುಮೆಂಟ್ ನೋಡಿ ಕೆಲಸ ಮಾಡುತ್ತಾರೆ? ಸೋಮವಾರ ಬೆಳಿಗ್ಗೆ ಹೋಗಿ ಕೇಳಿ.