ನಾಯಕನ ಸಹಚರ: ಬ್ಯಾಟ್‌ಮನ್ ಚಲನಚಿತ್ರಗಳಲ್ಲಿ ರಾಬಿನ್‌ನ ಸ್ಥಾನ

ನಾಯಕನ ಸಹಾಯಕರನ್ನು ನಿರೂಪಿಸುವಾಗ ಧನಂಜಯನ ‘ದಶರೂಪಕ’ವು ಪೀಠಮರ್ದನನ್ನು ಮೊದಲು ಹೆಸರಿಸುತ್ತದೆ. ಈತ ಪತಾಕಾವೃತ್ತಾಂತದ ನಾಯಕ. ಪ್ರಧಾನ ನಾಯಕನಲ್ಲಿ ಭಕ್ತಿಯುಳ್ಳವನು, ಗುಣಗಳಲ್ಲಿ ಅವನಿಗಿಂತ ತುಸು ಕಡಿಮೆಯವನು. ರಾಮನಿಗೆ ಸುಗ್ರೀವ ಇದ್ದಂತೆ. ಅಮೆರಿಕದ ಸೂಪರ್‌ಹೀರೋ ಕಥನದ ಸಹಚರನನ್ನು ಈ ಪರಿಭಾಷೆಯಲ್ಲಿ ಹಿಡಿಯಲು ಯತ್ನಿಸಿದರೆ ಒಂದು ತೊಡಕು ಎದುರಾಗುತ್ತದೆ. ಸುಗ್ರೀವನಿಗೆ ತನ್ನದೇ ರಾಜ್ಯವಿದೆ, ತನ್ನದೇ ಹಗೆಯಿದೆ. ರಾಬಿನ್ ಇನ್ನೂ ಬಾಲಕ.

1939ರಲ್ಲಿ ಒಂಟಿಯಾಗಿ ಕಾಣಿಸಿಕೊಂಡ ಬ್ಯಾಟ್‌ಮನ್‌ಗೆ 1940ರಲ್ಲಿ ರಾಬಿನ್ ಜೊತೆಯಾದನು. ನಾಯಕನಿಗೆ ಮಾತನಾಡಲು ಒಬ್ಬರು ಬೇಕು, ಷರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇರುವಂತೆ ಎಂಬುದು ಕಥೆಗಾರ ಬಿಲ್ ಫಿಂಗರ್‌ನ ವಾದವಾಗಿತ್ತು. ಅಂದರೆ ಸಹಚರನ ಹುಟ್ಟಿಗೆ ಕಾರಣ ಸಂವಾದದ ಅಗತ್ಯ. ಚಲನಚಿತ್ರಕ್ಕೆ ಈ ಅಗತ್ಯ ಅಷ್ಟಾಗಿಲ್ಲ. ನಟನ ಮುಖ, ಮೌನ, ಹಿನ್ನೆಲೆ ಸಂಗೀತಗಳು ಆ ಕೆಲಸವನ್ನು ಮಾಡಬಲ್ಲವು. ಉಳಿದುದನ್ನು ಮನೆಯಾಳು ಆಲ್‌ಫ್ರೆಡ್ ಪೂರೈಸುತ್ತಾನೆ. ಟಿಮ್ ಬರ್ಟನ್ನನ 1989 ಮತ್ತು 1992ರ ಚಿತ್ರಗಳು ರಾಬಿನ್‌ನನ್ನು ಕೈಬಿಟ್ಟೂ ಸೊರಗಲಿಲ್ಲ.

ಆದರೆ ಸಹಚರನನ್ನು ಕೈಬಿಟ್ಟುದಕ್ಕೆ ಇದಕ್ಕಿಂತ ಆಳವಾದ ಕಾರಣವಿರುವಂತೆ ತೋರುತ್ತದೆ. ಗೆರೆಯಲ್ಲಿ ಬರೆದ ಬಾಲಕ ಬಂದೂಕುಗಳ ನಡುವೆ ಜಿಗಿದರೆ ಓದುಗನು ಅದನ್ನು ಆಟವೆಂದೇ ಗ್ರಹಿಸುತ್ತಾನೆ. ಕ್ಯಾಮೆರಾದ ಮುಂದೆ ನಿಜವಾದ ಬಾಲಕ ನಿಂತೊಡನೆ, ಮಗುವನ್ನು ಕಾಳಗಕ್ಕೆ ಕರೆದೊಯ್ಯುವ ಈ ಹಿರಿಯ ಎಂಥವನು ಎಂಬ ಪ್ರಶ್ನೆ ಏಳುತ್ತದೆ. ಚಿತ್ರಗಳು ಈ ಪ್ರಶ್ನೆಯಿಂದ ನುಣುಚಿಕೊಂಡ ಬಗೆ ಕುತೂಹಲಕರವಾಗಿದೆ. 1966ರ ಚಿತ್ರ ಎಲ್ಲವನ್ನೂ ಹಾಸ್ಯವಾಗಿಸಿತು. ಜೋಯೆಲ್ ಶೂಮಾಕರ್‌ನ 1995 ಮತ್ತು 1997ರ ಚಿತ್ರಗಳಲ್ಲಿ ರಾಬಿನ್ ಆಗಿ ನಟಿಸಿದ ಕ್ರಿಸ್ ಓ'ಡಾನೆಲ್ ಇಪ್ಪತ್ತು ದಾಟಿದ ಯುವಕ; ಆದರೂ ಅವನನ್ನು ಪೋಷಕನ ಆಶ್ರಯದಲ್ಲಿರುವ ಹುಡುಗನಂತೆ ನಡೆಸಿಕೊಂಡದ್ದು ಅಸಂಗತವಾಗಿ ಕಾಣುತ್ತದೆ. ಎರಡನೆಯ ಚಿತ್ರ ವಿಮರ್ಶಕರಿಂದ ತೀವ್ರ ಟೀಕೆಗೊಳಗಾದ ಮೇಲೆ ಎಂಟು ವರ್ಷ ಬ್ಯಾಟ್‌ಮನ್ ಸರಣಿಯ ಚಿತ್ರವೇ ಬರಲಿಲ್ಲ. ಕ್ರಿಸ್ಟೋಫರ್ ನೋಲನ್ 2012ರಲ್ಲಿ, ತನ್ನ ಮೂರನೆಯ ಚಿತ್ರದ ಕೊನೆಯಲ್ಲಿ, ಒಬ್ಬ ತರುಣ ಪೊಲೀಸನ ನಿಜನಾಮ ರಾಬಿನ್ ಎಂದು ತಿಳಿಸಿ ಸುಮ್ಮನಾದನು. ಹೆಸರು ಉಳಿಯಿತು, ಸಂಬಂಧ ಉಳಿಯಲಿಲ್ಲ.

ಈ ನುಣುಚಿಕೆಯಿಂದ ಆದ ನಷ್ಟ ಸಣ್ಣದಲ್ಲ. ಒಂಟಿ ಬ್ಯಾಟ್‌ಮನ್ ತನ್ನ ಶೋಕಕ್ಕೆ ಮಾತ್ರ ಉತ್ತರ ಹೇಳಬೇಕು. ತಂದೆತಾಯಿಯರನ್ನು ತನ್ನಂತೆಯೇ ಕಳೆದುಕೊಂಡ ಮಗುವೊಂದು ಪಕ್ಕದಲ್ಲಿದ್ದರೆ ಅವನ ಪ್ರತಿಯೊಂದು ಹೊಡೆತಕ್ಕೂ ಸಾಕ್ಷಿಯಿರುತ್ತದೆ. ಸೇಡು ಪಾಲನೆಯಾಗಿ ಮಾರ್ಪಡಬೇಕಾಗುತ್ತದೆ. ಚಿತ್ರಕಥಾ ಪತ್ರಿಕೆಗಳು ಈ ಅಪಾಯವನ್ನು ಎದುರಿಸಿದವು. 1988ರಲ್ಲಿ ಎರಡನೆಯ ರಾಬಿನ್ ಜೇಸನ್ ಟಾಡ್ ಬದುಕಬೇಕೇ ಸಾಯಬೇಕೇ ಎಂದು ಓದುಗರಿಂದ ದೂರವಾಣಿ ಮತ ಪಡೆಯಲಾಯಿತು. 5,271ಕ್ಕೆ ಎದುರಾಗಿ 5,343 ಮತಗಳಿಂದ ಸಾವು ಗೆದ್ದಿತು. ಈ ಉಪಾಯದ ಕ್ರೌರ್ಯ ಒತ್ತಟ್ಟಿಗಿರಲಿ, ಆ ಸಾವಿನ ಹೊಣೆ ಮುಂದಿನ ಕಥೆಗಳಲ್ಲಿ ನಾಯಕನನ್ನು ಬಿಡಲಿಲ್ಲ. 2016ರ ಚಿತ್ರವೊಂದರಲ್ಲಿ ಗಾಜಿನ ಕಪಾಟಿನೊಳಗಿನ ರಾಬಿನ್‌ನ ಉಡುಪು ಕ್ಷಣಕಾಲ ಕಾಣಿಸುತ್ತದೆ. ಹೇಳಬೇಕಾಗಿದ್ದ ಕಥೆ ಅಲ್ಲಿಯೇ ನಿಂತುಬಿಡುತ್ತದೆ.

ಅನಾಥ ಬಾಲಕನನ್ನು ಬಾಲಕನಾಗಿಯೇ ಉಳಿಸಿ, ನಾಯಕನು ತಂದೆಯಾಗಲು ಅಂಜುವುದನ್ನೇ ವಸ್ತುವಾಗಿಸಿದ್ದು 2017ರ ಲೆಗೋ ಆನಿಮೇಷನ್ ಚಿತ್ರ. ಅಲ್ಲಿ ಮಾಂಸದ ಮೈಯಿಲ್ಲ, ಆಟಿಕೆಯ ಮೈಯಿದೆ ಎಂಬುದನ್ನು ಮರೆಯುವಂತಿಲ್ಲ. ನಟರಿರುವ ಚಿತ್ರವು ರಾಬಿನ್‌ನನ್ನು ಮರಳಿ ತರಬೇಕಾದರೆ ಅವನ ವಯಸ್ಸನ್ನು ಮರೆಮಾಚದೆ, ಅವನನ್ನು ಕರೆದೊಯ್ಯುವುದು ತಪ್ಪೆಂದು ನಾಯಕನೇ ಅನುಮಾನಿಸುವ ಸಂದರ್ಭವನ್ನು ಕಥೆಯ ನಡುವಿಗೆ ತರಬೇಕು.