ಸಮಾರ್ಯದ ಬಾಗಲಿನ ನಾಲ್ವರು ಕುಷ್ಠರೋಗಿಗಳು

ಓದತಕ್ಕ ಭಾಗ: ೨ ಅರಸುಗಳು ೬:೨೪ರಿಂದ ೭:೨೦ರ ವರೆಗೆ.

ಸತ್ಯವೇದದ ಕಥೆಗಳನ್ನು ನಾವು ಪ್ರತಿ ಆದಿತ್ಯವಾರವೂ ಕೇಳುತ್ತೇವೆ. ಕೇಳಿದ್ದು ನಮ್ಮ ಆತ್ಮಕ್ಕೆ ಆಹಾರವಾಯಿತೋ? ಆಹಾರವಾದದ್ದನ್ನು ನೆರೆಯವರಿಗೆ ಹೇಳಿದೆವೋ? ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಕಲಿಯೋಣ.

೧. ಹಸಿದವರು. ಅರಾಮ್ಯರ ಅರಸನಾದ ಬೆನ್ಹದದನು ಸಮಾರ್ಯ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅಲ್ಲಿ ಘೋರವಾದ ಬರವುಂಟಾಯಿತು. ಒಂದು ಕತ್ತೆಯ ತಲೆಯು ೮೦ ಶೆಕೆಲ್ ಬೆಳ್ಳಿಗೆ ಮಾರಲ್ಪಟ್ಟಿತು. ಊರಬಾಗಲಿನ ಬಳಿಯಲ್ಲಿ ನಾಲ್ವರು ಕುಷ್ಠರೋಗಿಗಳಿದ್ದರು. ಇಂಥವರು ಜನರಿಂದ ಪ್ರತ್ಯೇಕವಾಗಿರಬೇಕೆಂದು ಮೋಶೆಯ ಧರ್ಮಶಾಸ್ತ್ರದ ವಿಧಿ. ಊರೊಳಗೆ ಹೋದರೂ ಸಾವು, ಇಲ್ಲಿಯೇ ಕೂತರೂ ಸಾವು ಎಂದು ತಿಳಿದು ಅವರು ಮುಸ್ಸಂಜೆಯಲ್ಲಿ ವೈರಿಗಳ ಪಾಳೆಯಕ್ಕೆ ಹೊರಟರು. ಅಲ್ಲಿ ಒಬ್ಬನೂ ಇರಲಿಲ್ಲ. ಯಾಕಂದರೆ ಕರ್ತನು ಅರಾಮ್ಯರಿಗೆ ಮಹಾಸೈನ್ಯದ ಶಬ್ದವು ಕೇಳಿಸುವಂತೆ ಮಾಡಿದ್ದನು. ಅವರು ಎಲ್ಲವನ್ನೂ ಬಿಟ್ಟು ಓಡಿಹೋಗಿದ್ದರು.

೨. ಉಂಡವರು. ಆ ನಾಲ್ವರು ಮೊದಲು ಡೇರೆಯೊಳಗೆ ಹೊಕ್ಕು ಉಂಡು ಕುಡಿದರು. ಇದು ತಪ್ಪಲ್ಲ. ಬರಿಹೊಟ್ಟೆಯವನು ಊಟದ ರುಚಿಯನ್ನು ಹೇಗೆ ಹೇಳಾನು? ಕಥೆಯನ್ನು ಹೇಳತಕ್ಕವನು ಮೊದಲು ಅದನ್ನು ತನ್ನದಾಗಿ ಮಾಡಿಕೊಳ್ಳಬೇಕು. ಓದುವಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ಇದರಲ್ಲಿ ನಾನು ಯಾರ ಹಾಗಿದ್ದೇನೆ? ದೇವರು ಇಲ್ಲಿ ಏನು ಮಾಡಿದನು? ನಾನು ಈ ಹೊತ್ತು ಏನು ಮಾಡಬೇಕು? ಓದುಬಾರದವರು ಮಕ್ಕಳಿಂದ ಎರಡು ಸಾರಿ ಓದಿಸಿ, ಬೀಸುವಾಗಲೂ ಕಳೆ ಕೀಳುವಾಗಲೂ ಅದನ್ನು ನೆನಸಿಕೊಳ್ಳಲಿ.

೩. ಬಚ್ಚಿಟ್ಟವರು. ಹೊಟ್ಟೆ ತುಂಬಿದ ಮೇಲೆ ಅವರು ಬೆಳ್ಳಿಬಂಗಾರವನ್ನೂ ವಸ್ತ್ರಗಳನ್ನೂ ಹೊತ್ತುಕೊಂಡು ಹೋಗಿ ಬಚ್ಚಿಟ್ಟರು. ತಿರಿಗಿ ಬಂದು ಮತ್ತೊಂದು ಡೇರೆಯಿಂದಲೂ ಹಾಗೆಯೇ ಮಾಡಿದರು. ಗೋಡೆಯ ಆಚೆ ಮಕ್ಕಳು ಹಸಿವೆಯಿಂದ ಅಳುತ್ತಿರಲು ಸುವಾರ್ತೆಯ ದಿನದಲ್ಲಿ ಸುಮ್ಮನಿರುವುದು ಸರಿಯಲ್ಲವೆಂದು ಅವರಿಗೆ ಆಗ ಹೊಳೆಯಿತು. ಬೆಳಗಾಗಲೆಂದು ಅವರು ಕಾಯಲಿಲ್ಲ.

೪. ಹೇಳಿದವರು. ಅವರು ಹೋದದ್ದು ತಮ್ಮನ್ನು ಹೊರಗಿಟ್ಟಿದ್ದ ಊರಿಗೇ. ನಮ್ಮಲ್ಲಿ ಕೆಲವರನ್ನು ಊರಿನವರು ಬಾವಿಯ ಹತ್ತಿರ ಸೇರಿಸಲಿಲ್ಲ. ಆ ಅನ್ಯಾಯವು ಅನ್ಯಾಯವೇ. ಆದರೂ ದೇವರು ನಮಗೆ ಕೊಟ್ಟ ರೊಟ್ಟಿಯನ್ನು ಅವರಿಗೆ ಮರೆಮಾಡಬಹುದೋ? ಆ ನಾಲ್ವರು ಪ್ರಸಂಗ ಮಾಡಲಿಲ್ಲ, ವಾದಿಸಲಿಲ್ಲ. ಕಂಡದ್ದನ್ನು ಬಾಗಲು ಕಾಯುವವರಿಗೆ ಕೂಗಿ ಹೇಳಿದರು. ಇದು ವೈರಿಗಳ ಉಪಾಯವೆಂದು ಅರಸನು ಸಂಶಯಪಟ್ಟು ಎರಡು ರಥಗಳನ್ನು ಕಳುಹಿಸಿದನು. ಹೋದವರು ಯೊರ್ದನ್ ಹೊಳೆಯ ವರೆಗೂ ದಾರಿಯಲ್ಲಿ ಬಿದ್ದಿದ್ದ ಬಟ್ಟೆಪಾತ್ರೆಗಳನ್ನು ಕಂಡರು. ಕೇಳುವವರು ಸಂಶಯಪಟ್ಟರೆ ಬೇಸರಪಡಬೇಡಿರಿ, ಬಂದು ನೋಡಲಿ. ನಮ್ಮ ಮನೆಯ ಸಮಾಧಾನವನ್ನೂ ಸಂತೆಯಲ್ಲಿ ನಮ್ಮ ತೂಕವನ್ನೂ ಅವರು ಪರೀಕ್ಷಿಸಲಿ.

೫. ಎಚ್ಚರಿಕೆ. ಎಲೀಷನ ಮಾತನ್ನು ನಂಬದೆಹೋದ ಸರದಾರನು ಆ ಸಮೃದ್ಧಿಯನ್ನು ಕಣ್ಣಾರೆ ಕಂಡರೂ ಉಣ್ಣಲಿಲ್ಲ. ಊರಬಾಗಲಲ್ಲಿ ಜನರ ತುಳಿತಕ್ಕೆ ಸಿಕ್ಕಿ ಸತ್ತನು. ಕಥೆಗಳೆಲ್ಲ ಬಾಯಿಪಾಠವಾಗಿದ್ದರೂ ಒಂದನ್ನಾದರೂ ಉಣ್ಣದವನ ಗತಿ ಏನು?

ಈ ವಾರದಲ್ಲಿ ಮಾಡತಕ್ಕದ್ದು: ಒಂದು ಕಥೆಯನ್ನು ಆರಿಸಿ ಮೂರು ದಿನ ಧ್ಯಾನಿಸಿರಿ. ನಾಲ್ಕನೆಯ ದಿನ ಒಬ್ಬ ನೆರೆಯವನ ಜಗಲಿಯಲ್ಲಿ ಕೂತು ಅದನ್ನು ಹೇಳಿರಿ. ಅದು ನಿಮಗೆ ಏನು ಕೊಟ್ಟಿತೆಂಬದನ್ನೂ ಒಂದೇ ಮಾತಿನಲ್ಲಿ ತಿಳಿಸಿರಿ.